ಕೌದಿ: ಅರಿವೆ, ವಿನ್ಯಾಸ ಮತ್ತು ದುಡಿಮೆಯ ಲೆಕ್ಕ

ನಮ್ಮ ಭಾಗದಲ್ಲಿ ತೊಗರಿಯ ರಾಶಿ ಮುಗಿದು, ಹಿಂಗಾರಿ ಜೋಳವೂ ಕಣದಿಂದ ಮನೆ ಸೇರಿದ ಮೇಲೆ ರೈತನ ಮನೆಗೆ ಸ್ವಲ್ಪ ಬಿಡುವು ಸಿಗುತ್ತದೆ. ಗಂಡಸರು ಮದುವೆ, ಜಾತ್ರೆ, ಸಾಲದ ಲೆಕ್ಕ ಎಂದು ತಿರುಗುವ ಈ ದಿನಗಳಲ್ಲಿ ಹೆಣ್ಣುಮಕ್ಕಳು ಗಂಟು ಬಿಚ್ಚಿ, ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಹರವಿಕೊಂಡು ಕೂಡುತ್ತಾರೆ. ಇದು ಕೌದಿ ಹೊಲಿಯುವ ಕಾಲ. ಬೇಸಾಯಶಾಸ್ತ್ರದ ಅಧ್ಯಾಪಕನೊಬ್ಬ ಕೃಷಿ ಪತ್ರಿಕೆಯಲ್ಲಿ ಕೌದಿಯ ಬಗ್ಗೆ ಬರೆಯುವುದೇಕೆ ಎಂದು ಕೆಲವು ಓದುಗರಿಗೆ ಅನ್ನಿಸಬಹುದು. ಆದುದರಿಂದ ಕಾರಣವನ್ನು ಮೊದಲೇ ಹೇಳುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ ಆಳಂದ ತಾಲ್ಲೂಕಿನ ನಿಂಬರ್ಗಾದಲ್ಲಿ ತೊಗರಿ ಸಂಗ್ರಹಣೆಯ ಬಗ್ಗೆ ತಿಳಿಸಲು ಒಬ್ಬ ರೈತರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ತೊಗರಿಯ ಚೀಲಗಳನ್ನು ಒಟ್ಟಿ, ದೂಳು ಕೂಡದಿರಲೆಂದು ಮೇಲೆ ಒಂದು ಹಳೆಯ ಕೌದಿಯನ್ನು ಹೊದಿಸಿದ್ದರು. ಚೀಲ ಎಷ್ಟು, ತೂಕ ಎಷ್ಟು, ಯಾವ ತಳಿ, ಕೀಟಕ್ಕೆ ಯಾವ ಪುಡಿ ಹಾಕಿದ್ದೀರಿ ಎಂದು ಕೇಳಿ ಎಲ್ಲವನ್ನೂ ಬರೆದುಕೊಂಡೆ. ಬಾಗಿಲ ಬಳಿ ಕುಳಿತಿದ್ದ ಮನೆಯ ಹಿರಿಯಳು ಇದನ್ನೆಲ್ಲ ನೋಡುತ್ತಿದ್ದಳು. ಕೊನೆಗೆ, “ಸಾಹೇಬ್ರ, ಚೀಲದ ಲೆಕ್ಕ ಬರಕೊಂಡ್ರಿ. ಮ್ಯಾಲಿಂದರ ಲೆಕ್ಕ ಯಾರ ಬರಕೋತಾರ್ರಿ?” ಎಂದಳು. “ಅದೇನ್ ಬರಕೋತಾರ ಯವ್ವಾ, ಹಳೀ ಅರಿಬಿ ಅದ” ಎಂದು ಮಗ ನಕ್ಕರು. ನಾನೂ ನಕ್ಕೆ.

ಹೊರಡುವಾಗ, “ರಾತ್ರಿ ಈ ಕೌದಿ ಯಾರು ಹೊದೀತಾರ ಆಯಿ?” ಎಂದು ಕೇಳಿದೆ. ಮೊಮ್ಮಗ ಎಂದಳು. ಕೀಟನಾಶಕದ ಪುಡಿ ಸೋಂಕಿದ ಚೀಲಗಳ ಮೇಲೆ ಹಗಲೆಲ್ಲ ಬಿದ್ದಿರುವ ಅರಿವೆ ರಾತ್ರಿ ಮಗುವಿನ ಮುಖದ ಮೇಲೆ ಇರುತ್ತದೆ. ಒಂದು ಗಂಟೆ ಸಂಗ್ರಹಣೆಯ ಮಾತಾಡಿದ ನಾನು ಇದನ್ನು ಗಮನಿಸಿರಲಿಲ್ಲ. ಕೌದಿಯನ್ನು ನಾನೂ “ಹಳೀ ಅರಿಬಿ” ಎಂದೇ ಭಾವಿಸಿದ್ದು ಅದಕ್ಕೆ ಕಾರಣ. ಬೆಲೆ ಇಲ್ಲವೆಂದು ತಿಳಿದ ವಸ್ತುವಿನ ಕಡೆ ಕಣ್ಣು ಹೋಗುವುದಿಲ್ಲ. ಈ ಪಾಠದಲ್ಲಿ ಕೌದಿಯ ಅರಿವೆ, ಅಳತೆ, ವಿನ್ಯಾಸ, ಹೊಲಿಗೆ, ದುಡಿಮೆಯ ಬೆಲೆ ಮತ್ತು ಸಂರಕ್ಷಣೆಯನ್ನು ಕ್ರಮವಾಗಿ ವಿವರಿಸಲಾಗಿದೆ.

ಕೌದಿ ಎಂದರೇನು?

ಉಟ್ಟು ಹಳೆಯದಾದ ಹತ್ತಿಯ ಅರಿವೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಎಲ್ಲವೂ ಒಂದಾಗುವಂತೆ ಕೈಯಿಂದ ಸಾಲುಸಾಲಾಗಿ ಹೊಲಿದುದೇ ಕೌದಿ. ಹಾಸಲು, ಹೊದೆಯಲು, ತೊಟ್ಟಿಲಿಗೆ, ಬಂಡಿಯ ಮೇಲೆ ಕೂಡಲು ಹೀಗೆ ಎಲ್ಲಕ್ಕೂ ಇದು ಬರುತ್ತದೆ. ಗಡಿಯಾಚೆ ಮಹಾರಾಷ್ಟ್ರದ ಸೊಲ್ಲಾಪುರ ಸೀಮೆಯಲ್ಲಿ ಇದೇ ವಸ್ತುವಿಗೆ ಗೋಧಡಿ ಎನ್ನುತ್ತಾರೆ. ಬಂಗಾಳದ ಕಾಂತಾ, ಬಿಹಾರದ ಸುಜನಿ ಕೂಡ ಹಳೆಯ ಸೀರೆಗಳಿಂದಲೇ ಹುಟ್ಟಿದ ಕಸುಬುಗಳು.

ಕೌದಿ ಬೆಚ್ಚಗಿರುವುದು ಅರಿವೆಯ ದಪ್ಪದಿಂದ ಮಾತ್ರವಲ್ಲ. ಪದರುಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲ್ಲಾಡದೆ ನಿಲ್ಲುತ್ತದೆ. ನಿಂತ ಗಾಳಿಯ ಮೂಲಕ ಶಾಖ ಬೇಗ ಹಾಯುವುದಿಲ್ಲ. ಆದುದರಿಂದ ಮೈಯ ಕಾವು ಒಳಗೇ ಉಳಿಯುತ್ತದೆ. ಹತ್ತಿಯು ಬೆವರನ್ನು ಹೀರುವುದರಿಂದ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗಲೂ ಕೌದಿ ಹಿತವಾಗಿರುತ್ತದೆ. ಪೇಟೆಯಿಂದ ತರುವ ನುಣುಪಾದ ಕೃತಕ ನೂಲಿನ ಕಂಬಳಿಗೆ ಈ ಎರಡನೆಯ ಗುಣವಿಲ್ಲ.

ಅರಿವೆಯ ಆಯ್ಕೆ

ಬಿತ್ತನೆಗೆ ಬೀಜ ಹೇಗೋ ಕೌದಿಗೆ ಅರಿವೆ ಹಾಗೆ. ಹಳೆಯದೆಲ್ಲವೂ ಕೌದಿಗೆ ಬರುವುದಿಲ್ಲ. ಕೆಳಗಿನ ನಾಲ್ಕು ಪರೀಕ್ಷೆಗಳನ್ನು ಮಾಡಬೇಕು.

1. ನೂಲಿನ ಪರೀಕ್ಷೆ: ಅರಿವೆಯ ಅಂಚಿನಿಂದ ನಾಲ್ಕಾರು ಎಳೆ ತೆಗೆದು, ಚಿಮಟದಲ್ಲಿ ಹಿಡಿದು, ಮನೆಯ ಹೊರಗೆ ದೀಪಕ್ಕೆ ಒಡ್ಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್, ನೈಲಾನ್ ಆದರೆ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಂತಾಗುತ್ತದೆ. ಬೆಂಕಿ ತಗುಲಿದಾಗ ಈ ಕರಗಿದ ಅರಿವೆ ಮೈಗೆ ಅಂಟಿಕೊಂಡು ಗಾಯ ಹೆಚ್ಚಿಸುತ್ತದೆ. ಒಲೆಯ ಹತ್ತಿರ ಮಲಗುವ ಮನೆಗಳಲ್ಲಿ, ಅದರಲ್ಲೂ ಮಕ್ಕಳ ಕೌದಿಯಲ್ಲಿ, ಇಂಥ ಅರಿವೆ ಇರಕೂಡದು.

2. ಗಟ್ಟಿತನದ ಪರೀಕ್ಷೆ: ಅರಿವೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಎರಡು ಹೆಬ್ಬೆರಳಿನಿಂದ ಜಗ್ಗಿದಾಗ ಪಿಸಿದರೆ ಅದನ್ನು ಮೇಲೆ ಹಾಕದೆ ನಡುವಿನ ಪದರಿಗೆ ಮಾತ್ರ ಉಪಯೋಗಿಸಬೇಕು. ಮೇಲಿನ ತುಂಡು ಮತ್ತು ಕೆಳಗಿನ ಅಸ್ತರಿಗೆ ಗಟ್ಟಿ ಅರಿವೆಯೇ ಬೇಕು.

3. ಬಣ್ಣದ ಪರೀಕ್ಷೆ: ಒದ್ದೆ ಮಾಡಿದ ಬಿಳಿ ಅರಿವೆಯಿಂದ ಒಂದು ಮೂಲೆಯನ್ನು ತಿಕ್ಕಬೇಕು. ಬಣ್ಣ ಹತ್ತಿದರೆ, ಆ ಅರಿವೆಯನ್ನು ಬೇರೆಯಾಗಿ ತೊಳೆದು, ಬಣ್ಣ ನಿಂತ ಮೇಲೆಯೇ ಕೂಡಿಸಬೇಕು. ಹೊಸ ತುಂಡುಗಳನ್ನು ಒಮ್ಮೆ ನೆನೆಸಿ ಒಣಗಿಸದಿದ್ದರೆ ಅವು ಮುಂದೆ ಕುಗ್ಗಿ, ಸುತ್ತಲಿನ ಅರಿವೆ ಸುಕ್ಕಾಗುತ್ತದೆ.

4. ವಿಷದ ಪರೀಕ್ಷೆ: ಇದಕ್ಕೆ ದೀಪವೂ ಬೇಡ, ನೀರೂ ಬೇಡ, ಒಂದು ಪ್ರಶ್ನೆ ಸಾಕು. ಇದನ್ನು ಉಟ್ಟು ಯಾರಾದರೂ ಔಷಧಿ ಹೊಡೆದಿದ್ದಾರೆಯೇ? ನಮ್ಮಲ್ಲಿ ತೊಗರಿಯ ಕಾಯಿಕೊರಕಕ್ಕೆ, ಹತ್ತಿಯ ಕೀಟಗಳಿಗೆ ಹಲವು ಸಲ ಸಿಂಪರಣೆ ನಡೆಯುತ್ತದೆ. ಆಗ ತೊಟ್ಟ ಅಂಗಿ, ಧೋತರ, ತಲೆಗೆ ಸುತ್ತಿದ ಟವೆಲ್ಲಿನಲ್ಲಿ ಕೀಟನಾಶಕ ಇಳಿದಿರುತ್ತದೆ. ಒಂದೆರಡು ಸಲ ಒಗೆದರೆ ಅದು ಪೂರ್ತಿ ಹೋಗುವುದಿಲ್ಲ. ಇಂಥ ಅರಿವೆಯನ್ನೂ, ಉಪಚರಿಸಿದ ಬೀಜ ಕಟ್ಟಿದ್ದ ಅರಿವೆಯನ್ನೂ ಕೌದಿಗೆ ಹಾಕಲೇಕೂಡದು. ಹಿಂದಿನವರಿಗೆ ಈ ಪರೀಕ್ಷೆಯ ಅವಶ್ಯಕತೆ ಇರಲಿಲ್ಲ, ನಮಗೆ ಇದೆ.

ಅಳತೆ ಮತ್ತು ಪದರು

ಒಬ್ಬರಿಗೆ ಸಾಕಾಗುವ ಕೌದಿ 6 ಅಡಿ ಉದ್ದ, 4 ಅಡಿ ಅಗಲ ಇರಬೇಕು. ಸೀರೆಯ ಅಗಲವೂ ಹೆಚ್ಚುಕಡಿಮೆ 4 ಅಡಿ ಇರುವುದರಿಂದ ಅಡ್ಡ ಜೋಡಣೆ ಬೇಕಾಗುವುದಿಲ್ಲ. ಐದೂವರೆ ಮೀಟರಿನ ಸೀರೆಯನ್ನು ಮೂರು ಸಮಭಾಗ ಮಾಡಿದರೆ 6 ಅಡಿಯ ಮೂರು ಪದರು ಸಿಗುತ್ತವೆ. ಹಿರಿಯರು ಉಡುವ ಒಂಬತ್ತು ಗಜದ ಸೀರೆ 27 ಅಡಿ. ಅದರಲ್ಲಿ ನಾಲ್ಕು ಪದರು ಬಂದು, ಉಳಿದ 3 ಅಡಿ ಮೇಲಿನ ತುಂಡುಗಳಿಗೆ ಆಗುತ್ತದೆ.

ಹಾಸಲು ಮೂರು ಪದರು, ಚಳಿಗಾಲಕ್ಕೆ ಹೊದೆಯಲು ನಾಲ್ಕರಿಂದ ಐದು ಪದರು ಸಾಕು. ಅದಕ್ಕೂ ಹೆಚ್ಚಾದರೆ ಸೂಜಿ ಇಳಿಯುವುದು ಕಷ್ಟವಾಗಿ ಹೊಲಿಗೆ ಉದ್ದವಾಗುತ್ತದೆ, ಒಗೆದ ಕೌದಿ ಒಣಗಲು ಎರಡು ದಿನ ಬೇಕಾಗುತ್ತದೆ. ಮೊದಲು ಅಸ್ತರನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಭಾರ ಇಟ್ಟು, ಸುಕ್ಕು ತೀಡಿ, ಅನಂತರ ಒಂದೊಂದೇ ಪದರು ಹಾಸಬೇಕು. ಕೆಳಗಿನ ಸುಕ್ಕನ್ನು ಮೇಲಿನ ಪದರು ಮುಚ್ಚುತ್ತದೆ, ಆದರೆ ಅದು ಮಾಯವಾಗುವುದಿಲ್ಲ. ಅರಿವೆ ಮೊದಲು ಸವೆಯುವುದು ಆ ಸುಕ್ಕಿನ ಮೇಲೆಯೇ.

ವಿನ್ಯಾಸ

ಕೌದಿ ಹೊಲಿಯುವವರನ್ನು “ಈ ವಿನ್ಯಾಸ ಎಲ್ಲಿ ಕಲಿತಿರಿ” ಎಂದು ಕೇಳಿದರೆ “ಇದರಾಗ ಏನದ, ಇದ್ದದ್ದು ಹಚ್ಚೀವಿ” ಎನ್ನುತ್ತಾರೆ. ಆದರೆ ಅವರು ಕೆಲಸ ಮಾಡುವುದನ್ನು ಅರ್ಧ ದಿನ ನೋಡಿದರೆ ಇದು ನಿಜವಲ್ಲವೆಂದು ತಿಳಿಯುತ್ತದೆ. ಒಂದು ತುಂಡನ್ನು ಇಟ್ಟು, ತೆಗೆದು, ತಿರುಗಿಸಿ, ಮತ್ತೊಂದನ್ನು ಇಟ್ಟು ನೋಡುತ್ತಾರೆ. ಎದ್ದು ಹೊಸ್ತಿಲವರೆಗೆ ಹೋಗಿ ನಿಂತು ನೋಡುತ್ತಾರೆ. ಇದು ಯೋಚಿಸಿ ಮಾಡುವ ಕೆಲಸ. ಅವರ ರೂಢಿಯಿಂದ ತಿಳಿದುಬರುವ ನಿಯಮಗಳು ಇವು:

ಮೊದಲನೆಯದಾಗಿ, ಅಂಚು ಒಂದೇ ಬಣ್ಣದ್ದಾಗಿರಬೇಕು. ಹೊಲಕ್ಕೆ ಬದು ಇದ್ದಂತೆ ಅದು ಒಳಗಿನದನ್ನೆಲ್ಲ ಹಿಡಿದು ನಿಲ್ಲಿಸುತ್ತದೆ. ಇಳಕಲ್ ಸೀರೆಯ ದಡಿ ಇದಕ್ಕೆ ಬಹಳ ಒಳ್ಳೆಯದು. ಸೀರೆಯಲ್ಲಿ ಎಲ್ಲಕ್ಕಿಂತ ಕೊನೆಗೆ ಸವೆಯುವ ಭಾಗವೂ ಅದೇ.

ಎರಡನೆಯದಾಗಿ, ಕಪ್ಪು ಬಣ್ಣದ ಪಕ್ಕಕ್ಕೆ ತಿಳಿ ಬಣ್ಣ ಬರಬೇಕು. ಕಣ್ಣನ್ನು ಅರ್ಧ ಮುಚ್ಚಿ ನೋಡಿದಾಗ ಎರಡು ತುಂಡುಗಳು ಒಂದರಲ್ಲೊಂದು ಕಲೆತುಹೋದರೆ ಒಂದನ್ನು ಬದಲಿಸಬೇಕು. ನಾಲ್ಕೈದು ಬಣ್ಣಗಳನ್ನು ಆಯ್ದು ಅವನ್ನೇ ಮರಳಿ ಮರಳಿ ಬಳಸಿದರೆ ಕೌದಿಗೆ ಒಂದು ಹೊಂದಿಕೆ ಬರುತ್ತದೆ. ಬಣ್ಣದ ಜೋಡಿ ಹುಡುಕಲು ಹೊಲಕ್ಕೆ ಹೋದರೆ ಸಾಕು. ಕರಿಮಣ್ಣಿನ ಮೇಲೆ ತೊಗರಿಯ ಹಳದಿ ಹೂವು, ಕುಸುಬೆಯ ಕಿತ್ತಳೆ ಹೂವು ಎಷ್ಟು ದೂರದಿಂದ ಕಾಣುತ್ತವೆ ಎಂಬುದನ್ನು ರೈತರು ಬಲ್ಲರು. ನಾವಿಂದು ಎಣ್ಣೆಗಾಗಿ ಬೆಳೆಯುವ ಕುಸುಬೆಯನ್ನು, ರಾಸಾಯನಿಕ ಬಣ್ಣಗಳು ಬರುವ ಮೊದಲು, ಅದರ ಹೂವಿನ ಕೆಂಪು ಬಣ್ಣಕ್ಕಾಗಿಯೂ ಬೆಳೆಯುತ್ತಿದ್ದರು.

ಮೂರನೆಯದಾಗಿ, ನಡುಭಾಗಕ್ಕೆ ಒಂದು ಮುಖ್ಯ ತುಂಡು ಇರಬೇಕು. ಗುಳೇದಗುಡ್ಡದ ಖಣದ ಕುಪ್ಪಸ, ಸೆರಗಿನ ತುಂಡು, ಮಗುವಿನ ಕುಂಚಿಗೆಯ ಅರಿವೆ ಇಂಥವನ್ನು ಅಲ್ಲಿ ಕೂಡಿಸುತ್ತಾರೆ. ಅದರ ಸುತ್ತ ಚೌಕ, ಚೌಕದ ಸುತ್ತ ತ್ರಿಕೋನ ಹೀಗೆ ಹೊರಗೆ ಬೆಳೆಸಬಹುದು. ಚೌಕವನ್ನು ಕರ್ಣಕ್ಕೆ ಕತ್ತರಿಸಿದರೆ ಎರಡು ತ್ರಿಕೋನ. ಇಷ್ಟು ತಿಳಿದರೆ ನೂರು ವಿನ್ಯಾಸ ಮಾಡಬಹುದು. ತುಂಡಿನ ಎಲ್ಲ ಅಂಚನ್ನೂ ಕಾಲು ಇಂಚು ಒಳಗೆ ಮಡಿಸಿಯೇ ಹೊಲಿಯಬೇಕು. ಮಡಿಸದ ಅಂಚು ಎರಡನೆಯ ಒಗೆತಕ್ಕೆ ಎಳೆ ಬಿಡುತ್ತದೆ.

ಹೊಲಿಗೆ

ಕೌದಿಯ ಹೊಲಿಗೆ ಬಹಳ ಸರಳ. ಸೂಜಿಯು ಮೇಲೆ ಕೆಳಗೆ ಆಡುತ್ತಾ ಮುಂದೆ ಸಾಗುವ ಸಾದಾ ಹೊಲಿಗೆ ಅದು. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಬಗೆಗಳಿವೆ, ಎಳೆ ಎಣಿಸಿ ಹಾಕಬೇಕು. ಕೌದಿಗೆ ಅಷ್ಟು ಬೇಡ. ಇಲ್ಲಿ ಬೇಕಾದುದು ಸಮತೆ ಮತ್ತು ತಾಳ್ಮೆ.

ಸಾಲಿನಿಂದ ಸಾಲಿಗೆ ಅರ್ಧ ಇಂಚು ಅಂತರ ಇರಬೇಕು. ಕೂರಿಗೆಯ ಸಾಲು ಹತ್ತಿರವಾದರೆ ಬೆಳೆ ಬಡವಾಗುವಂತೆ ಹೊಲಿಗೆಯ ಸಾಲು ತೀರ ಹತ್ತಿರವಾದರೆ ಪದರು ಒತ್ತಿಕೊಂಡು, ಗಾಳಿಗೆ ಜಾಗವಿಲ್ಲದೆ, ಬಿಸುಪು ಕಡಿಮೆಯಾಗುತ್ತದೆ. ಒಂದು ಇಂಚಿಗಿಂತ ದೂರವಾದರೆ ಒಗೆಯುವಾಗ ಒಳಪದರುಗಳು ಸರಿದು ಗಂಟು ಕಟ್ಟುತ್ತವೆ. ಇಂಚಿಗೆ ಮೂರು ಹೊಲಿಗೆ ಬೀಳಬೇಕು. ದಾರ ಹತ್ತಿಯದೇ ಆಗಿರಲಿ. ನೈಲಾನ್ ದಾರ ತಾನು ಹರಿಯುವುದಿಲ್ಲ, ಆದರೆ ಹಳೆಯ ಅರಿವೆಯನ್ನು ಕೊಯ್ಯುತ್ತದೆ. ಒಮ್ಮೆಗೆ ಒಂದು ಮಾರಿಗಿಂತ ಉದ್ದ ದಾರ ಪೋಣಿಸಿದರೆ ಸಿಕ್ಕಾಗುತ್ತದೆ. ಗಂಟನ್ನು ಪದರುಗಳ ನಡುವೆ ಅಡಗಿಸಬೇಕು.

ದುಡಿಮೆಯ ಲೆಕ್ಕ

ಈಗ ನಿಂಬರ್ಗಾದ ಆ ಹಿರಿಯಳು ಕೇಳಿದ ಲೆಕ್ಕಕ್ಕೆ ಬರೋಣ. ಓದುಗರು ಪೆನ್ಸಿಲು ಹಿಡಿದು ಜೊತೆಗೆ ಬರೆಯಬೇಕೆಂದು ವಿನಂತಿ.

ಕೌದಿಯ ಅಗಲ 48 ಇಂಚು. ಅರ್ಧ ಇಂಚಿಗೆ ಒಂದರಂತೆ 96 ಸಾಲು. ಒಂದೊಂದು ಸಾಲು 6 ಅಡಿ. ಒಟ್ಟು 576 ಅಡಿ, ಅಂದರೆ ಸುಮಾರು 175 ಮೀಟರ್ ಹೊಲಿಗೆ. ಪದರುಗಳ ದಪ್ಪದಲ್ಲಿ ಏರಿಳಿಯಲು ಕಾಲುಭಾಗ ಹೆಚ್ಚು ಎಂದು ಹಿಡಿದರೆ ದಾರ ಸುಮಾರು 220 ಮೀಟರ್ ಬೇಕು. ಇಂಚಿಗೆ ಮೂರರಂತೆ ಒಟ್ಟು ಹೊಲಿಗೆಗಳು 20,736.

ನಿಮಿಷಕ್ಕೆ ಹತ್ತು ಹೊಲಿಗೆ ಎಂದಿಟ್ಟುಕೊಳ್ಳಿ. 2,074 ನಿಮಿಷ, ಅಂದರೆ 35 ಗಂಟೆಗೆ ಸ್ವಲ್ಪ ಕಡಿಮೆ. ಕಣ್ಣಿಗೂ ಬೆನ್ನಿಗೂ ತ್ರಾಸಾಗುವ ಕೆಲಸವಾದುದರಿಂದ ದಿನಕ್ಕೆ 6 ಗಂಟೆ ಎಂದರೆ 6 ದಿನ. ಅರಿವೆ ಆಯ್ದು, ಕತ್ತರಿಸಿ, ತುಂಡು ಕೂಡಿಸಲು ಇನ್ನೆರಡು ದಿನ. ಒಟ್ಟು 8 ದಿನದ ದುಡಿಮೆ. ದಿನದ ಕೂಲಿ 350 ರೂಪಾಯಿ ಎಂದು ಹಿಡಿದರೆ 2,800 ರೂಪಾಯಿ. ಅರಿವೆ, ದಾರದ ಬೆಲೆ ಇದರಲ್ಲಿ ಸೇರಿಲ್ಲ.

ಕೈಯ ಚುರುಕು ಒಬ್ಬೊಬ್ಬರದು ಒಂದೊಂದು ರೀತಿ. ಆದುದರಿಂದ ನಿಮ್ಮ ಮನೆಯ ಲೆಕ್ಕ ನೀವೇ ಮಾಡಿ. ಗಡಿಯಾರ ನೋಡಿ ಒಂದು ಅಡಿ ಹೊಲಿಯಲು ಎಷ್ಟು ನಿಮಿಷ ಹಿಡಿಯಿತು ಎಂದು ಬರೆದುಕೊಳ್ಳಿ. ಅದನ್ನು 576ರಿಂದ ಗುಣಿಸಿದರೆ ಹೊಲಿಗೆಯ ಒಟ್ಟು ನಿಮಿಷ ಬರುತ್ತದೆ. 60ರಿಂದ ಭಾಗಿಸಿದರೆ ಗಂಟೆ. ಅಷ್ಟು ದಿನದ ಕೂಲಿಯನ್ನು ನಿಮ್ಮೂರಿನ ದರದಲ್ಲಿ ಹಾಕಿ.

ಈ ಲೆಕ್ಕವಿಲ್ಲದೆ ಕೌದಿ ಮಾರಲು ಕೂಡಕೂಡದು. ಹಣ ಕೊಟ್ಟು ಹೊಲಿಸುವವರಿಗೂ ಇದು ಅನ್ವಯಿಸುತ್ತದೆ. ಊರಿಂದೂರಿಗೆ ತಿರುಗಿ ಕೌದಿ ಹೊಲಿದುಕೊಡುವ ಬಡ ಹೆಣ್ಣುಮಕ್ಕಳೊಂದಿಗೆ ಐವತ್ತು ರೂಪಾಯಿಗೆ ಚೌಕಾಸಿ ಮಾಡುವಾಗ 20,736 ಹೊಲಿಗೆ ನೆನಪಿರಲಿ. ತೊಗರಿಗೆ ಬೆಂಬಲ ಬೆಲೆ ಕೇಳುವ ನಾವು ಸೂಜಿಯ ದುಡಿಮೆಗೆ ಅದನ್ನು ಮರೆಯಬಾರದು.

ಬೇರೆ ಸೀಮೆಗಳ ಅನುಭವ

ಇಂಥ ಮನೆಗೆಲಸಕ್ಕೆ ಹೊರಗೆ ಮನ್ನಣೆ ಸಿಗುವುದುಂಟೇ ಎಂಬ ಪ್ರಶ್ನೆಗೆ ಮೂರು ಉದಾಹರಣೆ ಕೊಡಬಹುದು.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಜನಾಂಗದ ಹೆಂಗಸರು ಹೊಲಿಯುವ ಕೌದಿಗೆ ಕವಂದ್ ಎಂದು ಹೆಸರು. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಮಡಿಸಿದ ಅರಿವೆಯ ಹೂವು ಕೂಡಿಸುತ್ತಾರೆ. ಆ ಹೂವಿಲ್ಲದಿದ್ದರೆ ಕವಂದ್ ಪೂರ್ತಿಯಾಗಲಿಲ್ಲವೆಂದೇ ಅವರ ನಂಬಿಕೆ. ಈ ಕೌದಿಗಳು ಹೊರದೇಶಗಳ ಪ್ರದರ್ಶನಗಳಲ್ಲೂ ಕಾಣಿಸಿಕೊಂಡಿವೆ.

ನಮ್ಮ ಜಿಲ್ಲೆಯ ತಾಂಡಾಗಳಲ್ಲೂ ಕಾಣುವ ಲಂಬಾಣಿ ಕಸೂತಿ ಇನ್ನೊಂದು ಉದಾಹರಣೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರಿನ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು.

ಮೂರನೆಯದು ದೂರದ್ದಾದರೂ ಹತ್ತಿಯ ಸೀಮೆಯದೇ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಸಣ್ಣ ಊರಿದೆ. ಅಲ್ಲಿಯವರು ಹಿಂದೆ ಹತ್ತಿಯ ತೋಟದಲ್ಲಿ ಗುಲಾಮರಾಗಿ ದುಡಿದ ಕಪ್ಪು ಜನರ ವಂಶದವರು, ಬಹಳ ಕಾಲ ಬಡ ಗೇಣಿದಾರರು. ಅಲ್ಲಿನ ಹೆಂಗಸರು ಹೊಲದಲ್ಲಿ ಸವೆದ ಷರಾಯಿ, ಅಂಗಿಗಳಿಂದಲೇ ಕೌದಿ ಹೊಲಿದರು. 1966ರಲ್ಲಿ ಆ ಸೀಮೆಯ ಮಹಿಳೆಯರು ಕೌದಿ ಮಾರಲು ಒಂದು ಸಹಕಾರ ಸಂಘ ಕಟ್ಟಿಕೊಂಡರು. 2002ರಲ್ಲಿ ಗೀಸ್ ಬೆಂಡಿನ ಕೌದಿಗಳನ್ನು ಹ್ಯೂಸ್ಟನ್ ನಗರದ ಕಲಾ ವಸ್ತುಸಂಗ್ರಹಾಲಯದ ಗೋಡೆಗೆ ಚಿತ್ರಗಳಂತೆ ತೂಗುಹಾಕಿದರು. 2006ರಲ್ಲಿ ಅವು ಅಮೆರಿಕದ ಅಂಚೆಚೀಟಿಗಳ ಮೇಲೂ ಬಂದವು. ಗಮನಿಸಬೇಕಾದ ಮಾತೆಂದರೆ, ಪ್ರದರ್ಶನದಲ್ಲಿ ಪ್ರತಿ ಕೌದಿಯ ಜೊತೆಗೆ ಹೊಲಿದವಳ ಹೆಸರಿತ್ತು. ಹೆಸರು ಗೊತ್ತಿದ್ದುದರಿಂದಲೇ ಅದು ಸಾಧ್ಯವಾಯಿತು.

ಬಳಕೆ ಮತ್ತು ಸಂರಕ್ಷಣೆ

ಕೌದಿಯನ್ನು ವಾರಕ್ಕೊಮ್ಮೆ ಎರಡೂ ಮಗ್ಗುಲು ಬಿಸಿಲಿಗೆ ಹಾಕಬೇಕು. ಒಗೆದ ಮೇಲೆ ಒಂದು ತುದಿ ಹಿಡಿದು ಹಗ್ಗಕ್ಕೆ ಇಳಿಬಿಟ್ಟರೆ ನೀರಿನ ಭಾರಕ್ಕೆ ಹೊಲಿಗೆ ಕಿತ್ತುಬರುತ್ತದೆ. ಹೊರಸಿನ ಮೇಲೆ ಹರವಿ ಒಣಗಿಸುವುದು ಲೇಸು. ಪೂರ್ತಿ ಒಣಗಿದ ಮೇಲೆಯೇ ಮಡಿಸಬೇಕು. ಮಡಿಕೆಯನ್ನು ಆಗಾಗ ಬದಲಿಸದಿದ್ದರೆ ಒಂದೇ ಗೆರೆಯಲ್ಲಿ ಅರಿವೆ ಮುರಿಯುತ್ತದೆ.

ತಗಣಿ ಆಯಿತೆಂದು ಬೆಳೆಗೆ ಹೊಡೆಯುವ ಔಷಧಿಯನ್ನು ಹಾಸಿಗೆಗೆ ಸಿಂಪಡಿಸುವುದು ಪ್ರಾಣಾಪಾಯದ ಕೆಲಸ. ಕುದಿಯುವ ನೀರಿನಲ್ಲಿ ನೆನೆಸಿ, ಬಿರುಬಿಸಿಲಿನಲ್ಲಿ ಒಣಗಿಸಬೇಕು. ಕಾಳಿನ ಚೀಲಗಳಿಗೆ ಹೊದಿಸಲು ತಾಡಪತ್ರಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಾಳಿನ ಹುಳುವಿಗೆ ಹಾಕುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯು ಗಾಳಿಯ ತೇವ ತಗುಲಿದೊಡನೆ ಫಾಸ್ಫೀನ್ ಎಂಬ ಮಾರಕ ಅನಿಲ ಬಿಡುತ್ತದೆ. ಅದನ್ನು ಅರಿವೆ ತಡೆಯುವುದಿಲ್ಲ. ಜನ ಮಲಗುವ ಮನೆಯಲ್ಲಿ ಈ ಮಾತ್ರೆಯನ್ನು ಎಂದೂ ಉಪಯೋಗಿಸಕೂಡದು. ಧೂಮೀಕರಣವನ್ನು ಬೇರೆ ಗೋದಾಮಿನಲ್ಲಿ, ತರಬೇತಿ ಪಡೆದವರ ಕೈಯಿಂದಲೇ ಮಾಡಿಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಹೊಲಿಗೆಯ ತರಬೇತಿ ಏರ್ಪಡಿಸುವಾಗ ಯಂತ್ರದ ಹೊಲಿಗೆಯೊಂದೇ ಕಲಿಸತಕ್ಕದ್ದೆಂದು ತಿಳಿಯಬಾರದು. ಊರಿನ ಹಿರಿಯಳೊಬ್ಬಳನ್ನು ಕಲಿಸುವವಳಾಗಿ ಕೂರಿಸಿ, ಅವಳಿಗೆ ಗೌರವಧನ ಕೊಡಿಸಿ. ಸ್ವಸಹಾಯ ಸಂಘದವರು ಮೊದಲು ತೊಟ್ಟಿಲ ಕೌದಿ, ಕುರ್ಚಿಯ ಹಾಸು ಇಂಥ ಸಣ್ಣ ಅಳತೆಯವನ್ನು ಮಾಡಿ ಬೆಲೆ ಕಲಿಯಲಿ. 3 ಅಡಿ ಉದ್ದ 2 ಅಡಿ ಅಗಲದ ತೊಟ್ಟಿಲ ಕೌದಿಗೆ ಹೊಲಿಗೆ 144 ಅಡಿ, ಅಂದರೆ ದೊಡ್ಡದರ ಕಾಲುಭಾಗ. ಬೆಲೆಯೂ ಅದೇ ಪ್ರಮಾಣದಲ್ಲಿ ಇರಬೇಕು.

ನಿಂಬರ್ಗಾದ ಆ ಮನೆಗೆ ಎರಡು ವರ್ಷದ ನಂತರ ಮತ್ತೆ ಹೋಗಿದ್ದೆ. ಚೀಲಗಳ ಮೇಲೆ ತಾಡಪತ್ರಿ ಇತ್ತು. ಕೌದಿ ಹೊರಸಿನ ಮೇಲಿತ್ತು. ಹಿರಿಯಳು ತೀರಿಕೊಂಡಿದ್ದಳು. ಲೆಕ್ಕ ಬರೆದುಕೊಳ್ಳಬೇಕೆಂದು ಈ ಸಲ ಪುಸ್ತಕ ತೆಗೆದೆ. ಯಾವ ವರ್ಷ ಹೊಲಿದದ್ದು, ನಡುವಿನ ಹಸಿರು ತುಂಡು ಯಾರ ಸೀರೆಯದು, ಎಷ್ಟು ದಿನ ಹಿಡಿಯಿತು ಎಂದು ಕೇಳಿದರೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಎರಡು ವರ್ಷ ತಡವಾಗಿ ಹೋಗಿದ್ದೆ.

ಆದುದರಿಂದ ಈ ಬೇಸಿಗೆಯಲ್ಲಿ ಪ್ರತಿ ರೈತ ಕುಟುಂಬವೂ ಒಂದು ಕೆಲಸ ಮಾಡಬೇಕು. ಮನೆಯಲ್ಲಿರುವ ಕೌದಿಗಳನ್ನು ಹೊರಗೆ ತೆಗೆದು, ಹೊಲಿದವರು ಬದುಕಿದ್ದರೆ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು, ಯಾವ ತುಂಡು ಯಾರದು ಎಂದು ಕೇಳಿ, ಶಾಲೆಗೆ ಹೋಗುವ ಮಕ್ಕಳಿಂದ ಬರೆಸಬೇಕು. ಅಸ್ತರಿನ ಒಂದು ಮೂಲೆಯಲ್ಲಿ ಹೊಲಿದವಳ ಹೆಸರನ್ನೂ ವರ್ಷವನ್ನೂ ದಾರದಿಂದ ಹೊಲಿಯಬೇಕು. ಇದಕ್ಕೆ ಹಿಡಿಯುವುದು ಅರ್ಧ ಗಂಟೆ, ಬೇಕಾಗುವ ದಾರ ಒಂದು ಮಾರು.